ಟ್ಯಾಕ್ಸ್ ಉಳಿಯದಿದ್ರ ದಾನ ಯಾಕ? ಸಿರಸಂಗಿ ದೇಸಾಯರನ್ನ ಕೇಳೋಣ

ನಮ್ಮ ನಾಡಿನ ಲೆಕ್ಕಪತ್ರ | ಭಾಗ 9

ದೋಸ್ತರ, ಇವತ್ತಿನ ಫೋಟೋ ಸವದತ್ತಿ ತಾಲೂಕಿನ ಸಿರಸಂಗಿದು. ಕಥಿ ಶುರು ಆಗೋದು ಮಾತ್ರ ವಾಟ್ಸಾಪ್‌ನಿಂದ.

ಹೋದ ತಿಂಗಳು ನಾನು ಕಲಿತ ಸರ್ಕಾರಿ ಶಾಲೆಗೆ ನೀರಿನ ಫಿಲ್ಟರ್ ಕೂಡಿಸಬೇಕಂತ ಹಳೇ ವಿದ್ಯಾರ್ಥಿಗಳ ಗ್ರೂಪಿನ್ಯಾಗ ಪಟ್ಟಿ ಎತ್ತಿದ್ವಿ. ಬೆಂಗಳೂರಾಗ ನೌಕರಿ ಮಾಡೋ ಅಣ್ಣ ಒಬ್ರು ಕೇಳಿದ್ರು: "ತಮ್ಮಾ, 80ಜಿ ರಸೀದಿ ಕೊಡ್ತೀರೇನು?" ಇಲ್ಲರಿ ಅಣ್ಣ, ನಮ್ಮದು ಟ್ರಸ್ಟ್ ಅಲ್ಲ ಅಂದೆ. "ಹೋಗ್ಲಿ ಬಿಡು, ಕೊಟ್ಟರೂ ಉಪಯೋಗ ಇಲ್ಲ. ನಾ ಈಗ ನ್ಯೂ ರೆಜಿಮ್‌ನ್ಯಾಗ ಅದೀನಿ" ಅಂದ್ರು. ಆಮ್ಯಾಲ ಎರಡು ದಿನ ಮೆಸೇಜೇ ಇಲ್ಲ.

ಆ ಎರಡು ದಿನ ನನ್ನ ತಲಿಯಾಗ ಒಂದೇ ಪ್ರಶ್ನೆ. ದಾನ ಕೊಟ್ಟವರಿಗೆ ಟ್ಯಾಕ್ಸ್ ಬಿಡೋ ಪದ್ಧತಿ ಯಾವಾಗಿಂದ ಐತಿ? ಅದು ಹೋದ್ರ ದಾನಾನೂ ಹೋಗತೈತೇನು?

ಉತ್ತರಕ್ಕ ಮೊದಲು ಸವದತ್ತಿಗೆ ಬರ್ರಿ. ಹಳೇ ಹೆಸರು ಸುಗಂಧವರ್ತಿ, ರಟ್ಟರ ಊರು. ಕ್ರಿ.ಶ. 980ರಲ್ಲಿ ರಟ್ಟರ ಶಾಂತಿವರ್ಮ ಇಲ್ಲಿನ ಜಿನಾಲಯಕ್ಕೆ 150 ಮತ್ತರು ಭೂಮಿ ಬಿಟ್ಟ ಅಂತ ಶಾಸನ ಹೇಳುತ್ತದೆ. ಕನ್ನಡದ ದಾನಶಾಸನಗಳಲ್ಲಿ 'ಸರ್ವನಮಸ್ಯ', 'ಸರ್ವಬಾಧಾ ಪರಿಹಾರ' ಅನ್ನೋ ಮಾತು ಮತ್ತೆ ಮತ್ತೆ ಸಿಗತಾವ. ಅಂದ್ರ ಆ ಭೂಮಿ ಮ್ಯಾಲ ಯಾವ ತೆರಿಗೆನೂ ಇಲ್ಲ, ಬಂದದ್ದೆಲ್ಲಾ ಗುಡಿಗೆ, ಬಸದಿಗೆ. ಇಲ್ಲೊಂದು ಸೂಕ್ಷ್ಮ ಐತಿ. ವಿನಾಯಿತಿ ಸಿಕ್ಕಿದ್ದು ಕೊಟ್ಟ ಭೂಮಿಗೆ. ಕೊಟ್ಟವನ ಉಳಿದ ಆಸ್ತಿಗಲ್ಲ.

ಬ್ರಿಟಿಷರು ಬಂದ ಮ್ಯಾಲೂ ಲೆಕ್ಕ ಹಂಗೇ ಇತ್ತು. ಭಾರತದಲ್ಲಿ ಇನ್‌ಕಮ್ ಟ್ಯಾಕ್ಸ್ ಮೊದಲು ಬಂದದ್ದು 1860ರಲ್ಲಿ. 1886ರ ಕಾಯ್ದೆ ಕೃಷಿ ಆದಾಯವನ್ನೂ, ಧರ್ಮಕಾರ್ಯಕ್ಕೆ ಇಟ್ಟ ಆಸ್ತಿಯ ಆದಾಯವನ್ನೂ ತೆರಿಗೆಯಿಂದ ಹೊರಗಿಟ್ಟಿತು. ಅಲ್ಲೂ ವಿನಾಯಿತಿ ಧರ್ಮದ ಆಸ್ತಿಗೆ. ದಾನಿಗೆ ಒಂದು ಪೈ ಸೈತ ಇಲ್ಲ.

ಸಿರಸಂಗಿಯ ಲಿಂಗರಾಜ ದೇಸಾಯರು ಬರೋದು ಈ ಕಾಲದಾಗ. ಹುಟ್ಟಿದ್ದು 1861ರಲ್ಲಿ, ಶಿಗ್ಲಿಯಲ್ಲಿ. ದತ್ತಕ ಹೋಗಿ ನವಲಗುಂದ-ಸಿರಸಂಗಿ ದೇಸಗತಿಯ ಒಡೆಯರಾದರು. 1904ರಲ್ಲಿ ಧಾರವಾಡದಲ್ಲಿ ನಡೆದ ಮೊದಲ ವೀರಶೈವ ಮಹಾಸಭೆಗೆ ಅವರೇ ಅಧ್ಯಕ್ಷರು. ಅವರ ಮುಂದ ವಾರಸುದಾರ ಮಕ್ಕಳಿರಲಿಲ್ಲ.

ನಮ್ಮ ಭಾಗದಾಗ ಮಕ್ಕಳಿಲ್ಲದ ದೇಸಾಯರ ಮನೆತನ ಅಂದ ಕೂಡಲೇ ನೆನಪಾಗೋದು ಕಿತ್ತೂರು. 1824ರಲ್ಲಿ ಶಿವಲಿಂಗರುದ್ರಸರ್ಜ ತೀರಿಕೊಂಡಾಗ, ದತ್ತಕ ಬಂದಿದ್ದ ಶಿವಲಿಂಗಪ್ಪನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಮುಂದಿಂದು ನಿಮಗ ಗೊತ್ತೇ ಐತಿ: ಅಕ್ಟೋಬರ್ 23ರ ಯುದ್ಧ, ಥ್ಯಾಕರೆ ಸಾವು, ಕೊನೆಗೆ ಚೆನ್ನಮ್ಮನ ಸೆರೆ. ಆಸ್ತಿ ಯಾರ ಕೈಗೆ ಹೋಗಬೇಕು ಅನ್ನೋದನ್ನ ಮನೆತನ ಅಲ್ಲ, ಸರ್ಕಾರದ ನಿಯಮ ತೀರ್ಮಾನಿಸೋ ಕಾಲ ಅದು.

ಲಿಂಗರಾಜರು ಹಿಡಿದದ್ದು ಕಾಗದದ ದಾರಿ. ಮೃತ್ಯುಪತ್ರ ಬರೆದು, ದೇಸಗತಿಯ ಆಸ್ತಿಯನ್ನು ಲಿಂಗಾಯತ ಮಕ್ಕಳ ಓದಿಗೆ ಬಿಟ್ಟರು. 1906ರ ಆಗಸ್ಟ್ 23ರಂದು ತೀರಿಕೊಂಡಾಗ ಅವರಿಗೆ ಬರೇ 45 ವರ್ಷ. ಒಂದೇ ಸಮಾಜದ ಮಕ್ಕಳಿಗೆ ಅಂತ ಬರೆದದ್ದು ಇವತ್ತಿನ ಕಣ್ಣಿಗೆ ಸಣ್ಣದು ಅನಿಸಬಹುದು. ಆದ್ರ ವಾಡೆ, ಹೊಲ ಎಲ್ಲಾ ಸಾಲಿ ಕಲಿಯೋ ಮಕ್ಕಳಿಗೆ ಅನ್ನೋದು ಆ ಕಾಲಕ್ಕ ಭಾಳ ದೊಡ್ಡ ಮಾತು. 10 ವರ್ಷದ ಮೇಲೆ, 1916ರಲ್ಲಿ, ಬೆಳಗಾವಿಯಲ್ಲಿ ಕೆಎಲ್ಇ ಸಂಸ್ಥೆ ಹುಟ್ಟಿತು. 1933ರಲ್ಲಿ ಅದು ತೆರೆದ ಕಾಲೇಜಿಗೆ ಇಟ್ಟ ಹೆಸರು ಲಿಂಗರಾಜ ಕಾಲೇಜು. ಜನ ಅವರನ್ನ ಕರೆಯೋದು 'ತ್ಯಾಗವೀರ' ಅಂತ.

ದಾನಿಗೇ ಟ್ಯಾಕ್ಸ್ ಬಿಡೋ ಪದ್ಧತಿ ಬಂದದ್ದು ಸ್ವಾತಂತ್ರ್ಯ ಸಿಕ್ಕ ಮ್ಯಾಲ. 1948ರ ತಿದ್ದುಪಡಿಯಲ್ಲಿ ಕಲಂ 15ಬಿ ಸೇರಿತು. 1968ರ ಏಪ್ರಿಲ್‌ನಿಂದ 80ಜಿ ಜಾರಿಯಾಯ್ತು. ಆಮ್ಯಾಲ ಒಂದೊಂದೇ ಬಿಗಿ. ನಗದು ದಾನಕ್ಕೆ 2012ರಲ್ಲಿ 10,000 ರೂಪಾಯಿ ಮಿತಿ, 2017ರಲ್ಲಿ ಅದು 2,000ಕ್ಕ ಇಳೀತು. 2020ರಲ್ಲಿ ನ್ಯೂ ರೆಜಿಮ್ ಬಂತು, ಅದರಾಗ 80ಜಿ ಇಲ್ಲ. 2023-24ರಿಂದ ಅದೇ ಡೀಫಾಲ್ಟ್. ಈಗ 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, 80ಜಿ ಜಾಗದಾಗ ಕಲಂ 133.

ಈಗ ಬಿಕಾಂ ಲೆಕ್ಕ. ಓಲ್ಡ್ ರೆಜಿಮ್, 20% ಸ್ಲ್ಯಾಬ್, 50% ಕಡಿತ ಇರೋ ಟ್ರಸ್ಟಿಗೆ 10,000 ಕೊಟ್ರಿ. ಆದಾಯದಾಗ ಕಡಿತ 5,000. ಸೆಸ್ ಸೇರಿ ಉಳಿಯೋ ಟ್ಯಾಕ್ಸ್ 1,040 ರೂಪಾಯಿ. ಉಳಿದ 8,960 ನಿಮ್ಮ ಕಿಸೆದಿಂದನೇ ಹೋಗತೈತಿ. ಅಂದ್ರ 80ಜಿ ಇದ್ದಾಗಲೂ ದಾನದಿಂದ ಯಾರೂ ಲಾಭ ಮಾಡಿಲ್ಲ. ಅದು ಬೆನ್ನು ತಟ್ಟೋದು, ಅಷ್ಟ.

ಇನ್ನೊಂದು ಮಜಾ ಕೇಳ್ರಿ. 80ಜಿ ಲೆಕ್ಕಕ್ಕೆ ಹಿಡಿಯೋದು ದುಡ್ಡಿನ ದಾನ ಮಾತ್ರ, ಭೂಮಿ ಕೊಟ್ಟರ ಇಲ್ಲ. ಲಿಂಗರಾಜರು ಇವತ್ತು ಅದೇ ದಾನ ಮಾಡಿದ್ರೂ ಆ ಭೂಮಿಗೆ ಅವರಿಗೆ ಸಿಗತಿದ್ದ ಕಡಿತ ಸೊನ್ನೆ!

ನಾಳೆ ನಮಗೂ ಪಗಾರ ಶುರು ಆಗತೈತಿ. ಅದಕ್ಕ ಇಷ್ಟು ನೆನಪಿಡ್ರಿ:

1. ಮೊದಲು ರೆಜಿಮ್ ನೋಡ್ರಿ. ಬಿಸಿನೆಸ್ ಆದಾಯ ಇಲ್ಲದ ಪಗಾರದವರು ಯಾವ ರೆಜಿಮ್ ಬೇಕಂತ ಪ್ರತಿ ವರ್ಷ ಆರಿಸಬಹುದು. ಆದ್ರ ಬರೇ ದಾನದ ಕಡಿತಕ್ಕಂತ ಓಲ್ಡಿಗೆ ಹೋಗಬ್ಯಾಡ್ರಿ, ಪೂರ್ತಿ ಲೆಕ್ಕ ಹಾಕಿ ನೋಡ್ರಿ.
2. ಕಡಿತ ಬೇಕಂದ್ರ 2,000 ದಾಟಿದ್ದನ್ನ ಬ್ಯಾಂಕಿಂದ ಇಲ್ಲಾ ಯುಪಿಐದಿಂದ ಕೊಡ್ರಿ.
3. ಟ್ರಸ್ಟಿನ ನೋಂದಣಿ ಚಾಲ್ತಿ ಐತೇನು ನೋಡ್ರಿ. ಬರೇ ರಸೀದಿ ಸಾಲದು, ದಾನದ ಪ್ರಮಾಣಪತ್ರನೂ ಇಸ್ಕೋರಿ.
4. ಕಡಿತ ಸಿಗದಿದ್ರೂ ಕೊಟ್ಟ ದುಡ್ಡಿನ ಲೆಕ್ಕ ಕೇಳ್ರಿ. ಅದು ದಾನಿಯ ಹಕ್ಕು.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ನಮ್ಮ ನಾಡಿನ್ಯಾಗ ದಾನಕ್ಕ ಸಾವಿರ ವರ್ಷದ ಮ್ಯಾಲಿನ ಇತಿಹಾಸ ಐತಿ. ದಾನಿಗೆ ಟ್ಯಾಕ್ಸ್ ಬಿಟ್ಟದ್ದು 1948ರಿಂದ ಈಚೆಗೆ. ನಿಯಮ ಇನ್ನೂ ಬದಲಾಗತಾವ, ಆಗಲಿ. ಉಳಿಯೋದು ಶಾಸನ, ಮೃತ್ಯುಪತ್ರದಂಥ ಸ್ವಚ್ಛ ಕಾಗದ, ಮತ್ತ ಅದರಿಂದ ಕಲಿತ ಮಕ್ಕಳು.

ಮೂರನೇ ದಿನ ಅಣ್ಣ 3,000 ಹಾಕಿದ್ರು. ಮೆಸೇಜ್ ಒಂದೇ: "ರಸೀದಿ ಬ್ಯಾಡ, ಫಿಲ್ಟರ್ ಕೂಡಿಸಿದ ಮ್ಯಾಲ ಬಿಲ್ಲಿನ ಫೋಟೋ ಹಾಕ್ರಿ." ಹಾಕಿದ್ವಿ.

ಸೇವ್ ಮಾಡಿ ಇಟ್ಕೋರಿ, ಮೊದಲನೇ ಪಗಾರದ ದಿನ ಓದ್ರಿ.

#ನಮ್ಮನಾಡಿನಲೆಕ್ಕಪತ್ರ #ಸಿರಸಂಗಿ #ಸವದತ್ತಿ #ಕಿತ್ತೂರುನಾಡು