ವೆನಿಲಾ

ಸ್ಪ್ಯಾನಿಷ್‌ನಲ್ಲಿ ‘ವೈನಾ’ ಎಂದರೆ ಕತ್ತಿಯ ಒರೆ, ಕಾಳಿನ ಸಿಪ್ಪೆ. ಅದರ ಕಿರುರೂಪದಿಂದ ಬಂದದ್ದು ‘ವೆನಿಲಾ’: ಪುಟ್ಟ ಕೋಡು ಎಂದರ್ಥ. ಈ ಕೋಡು ಬಿಡುವ ಬಳ್ಳಿಯ ತವರು ಮೆಕ್ಸಿಕೊ. ಅಲ್ಲಿನ ನಾವಾತ್ಲ್ ಭಾಷೆಯಲ್ಲಿ ಇದಕ್ಕೆ ‘ಕಪ್ಪು ಹೂ’ ಎಂಬರ್ಥದ ಹೆಸರಿತ್ತು. ಹೂವಿನ ಬಣ್ಣವೇನೋ ಹಸಿರು ಬೆರೆತ ಹಳದಿ. ಕಪ್ಪಾಗುವುದು ಹದಗೊಂಡ ಕೋಡು ಮಾತ್ರ.

ಮಲೆನಾಡು, ದಕ್ಷಿಣ ಕನ್ನಡದ ಅಡಿಕೆ ತೋಟಗಳಿಗೆ 2000ದ ಆಸುಪಾಸಿನಲ್ಲಿ ಬಳ್ಳಿಯ ಜೊತೆ ಪದವೂ ಹಬ್ಬಿತು. ದರ ಮುಗಿಲಿಗೇರಿ, ಕೆಲವೇ ವರ್ಷಗಳಲ್ಲಿ ನೆಲಕಚ್ಚಿತು. ಬೆಳೆಯುವ ಕೆಲಸವೂ ನಾಜೂಕಿನದು: ಹೂ ಅರಳಿದ ಬೆಳಿಗ್ಗೆಯೇ ಕಡ್ಡಿ ಹಿಡಿದು ಪರಾಗಸ್ಪರ್ಶ ಮಾಡಿಸಬೇಕು. 1841ರಲ್ಲಿ ರಿಯೂನಿಯನ್ ದ್ವೀಪದ ಗುಲಾಮ ಬಾಲಕ ಎಡ್ಮಂಡ್ ತೋರಿಸಿದ ವಿಧಾನವಿದು. ಹಸಿ ಕೋಡಿಗೆ ಪರಿಮಳವಿಲ್ಲ. ಬಿಸಿನೀರಿನಲ್ಲಿ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ತಿಂಗಳುಗಟ್ಟಲೆ ಒಣಗಿಸಿದರೆ ಘಮ ಏಳುತ್ತದೆ.

ಮುಂಬೈ ಕನ್ನಡಿಗರ ಮಾತಿನಲ್ಲಿ ‘ವೆನಿಲಾ’ ಎಂದರೆ ಬಹುಮಟ್ಟಿಗೆ ಉಡುಪಿ ಹೋಟೆಲಿನ ಬಿಳಿ ಐಸ್‌ಕ್ರೀಮ್, ಇಲ್ಲವೇ ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ ಕೊಂಡ ಎಸೆನ್ಸ್ ಬಾಟಲಿ. ಅಗ್ಗದ ಎಸೆನ್ಸಿನಲ್ಲಿರುವುದು ಕೃತಕ ವೆನಿಲಿನ್. ಅದನ್ನು ಮೊದಲು 1874ರಲ್ಲಿ ಜರ್ಮನಿಯಲ್ಲಿ ತಯಾರಿಸಿದರು. ನಿಜವಾದ ಕೋಡಾದರೆ ಉದ್ದಕ್ಕೆ ಸೀಳಿ, ಕಪ್ಪು ಬೀಜ ಕೆರೆದು, ಕಸ್ಟರ್ಡಿನ ಹಾಲಿನಲ್ಲೋ ಕೇಕಿನ ಬೆಣ್ಣೆಯಲ್ಲೋ ಬೆರೆಸಬೇಕು. ಉಳಿದ ಸಿಪ್ಪೆಯನ್ನು ಎಸೆಯದೆ ಸಕ್ಕರೆ ಡಬ್ಬಿಯಲ್ಲಿ ಹುಗಿದಿಟ್ಟರೆ ಸಕ್ಕರೆಗೂ ಪರಿಮಳ ಹತ್ತುತ್ತದೆ.