ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ: ಸಂಗಮದಲ್ಲಿ ಕಾವೇರಿ ದಾಟುವವರು ತಿಳಿದಿರಬೇಕಾದ್ದು

ಶಿವರಾತ್ರಿ ಹತ್ತಿರ ಬಂತು ಅಂದ್ರೆ ಕನಕಪುರ-ಸಂಗಮ ರಸ್ತೆಯಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರ ಸಾಲು ಶುರು. ನಮ್ಮ ತಾಲ್ಲೂಕಿನವರಷ್ಟೇ ಅಲ್ಲ, ಬೆಂಗಳೂರು, ರಾಮನಗರ ಕಡೆಯಿಂದಲೂ ಬರ್ತಾರೆ. ಬಸ್ಸಿನವರು ಕೊಳ್ಳೇಗಾಲ ಸುತ್ತಿ ಹೋಗಬೇಕು. ನಡೆಯುವವರಿಗೆ ಸಂಗಮದಲ್ಲಿ ಹೊಳೆ ದಾಟಿದರೆ ಆಚೆ ದಡವೇ ಹನೂರು ತಾಲ್ಲೂಕಿನ ಕಾಡು. ಅಲ್ಲಿಂದ ಶಾಗ್ಯ, ಕೌದಳ್ಳಿ, ತಾಳಬೆಟ್ಟದ ಮೇಲೆ ಬೆಟ್ಟ ಸೇರ್ತಾರೆ. ಇಡೀ ದಾರಿಯಲ್ಲಿ ಆತುರ ಮಾಡಬಾರದ ಜಾಗ ಅಂದ್ರೆ ಈ ಹೊಳೆ.

ಮೊದಲ ಸಲ ಬರುವವರಿಗೆ ಒಂದು ಗೊಂದಲ ಇರುತ್ತೆ. ಮೇಕೆದಾಟು ನೋಡಲು ಬರುವ ಪ್ರವಾಸಿಗರು ದಾಟೋದು ಅರ್ಕಾವತಿ, ಅದು ಚಿಕ್ಕದು. ಪಾದಯಾತ್ರಿಗಳು ದಾಟಬೇಕಾಗಿರೋದು ಕಾವೇರಿ. ಅದನ್ನು ನೋಡಿ ಇದನ್ನು ಅಳೆಯಬೇಡಿ.

ಶಿವರಾತ್ರಿ ಹೊತ್ತಿಗೆ ನೀರು ಕಡಿಮೆ ಇರುತ್ತೆ, ಅದು ನಿಜ. ಸಂಗಮದಿಂದ ಕೆಳಗಿರುವ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಹೋಗುವ ನೀರನ್ನು ಅಳೆಯುತ್ತಾರೆ. 2018ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ವರ್ಷಕ್ಕೆ 177.25 ಟಿಎಂಸಿ ಬಿಡಬೇಕು. ತಿಂಗಳ ಲೆಕ್ಕದಲ್ಲಿ ಆಗಸ್ಟ್‌ಗೆ 45.95 ಟಿಎಂಸಿ ಆದರೆ ಫೆಬ್ರವರಿಗೆ ಬರೀ 2.5. ಅದಕ್ಕೇ ಈ ಕಾಲದಲ್ಲಿ ಬಂಡೆಗಳು ಕಾಣುತ್ತವೆ, ಹಗ್ಗ ಕಟ್ಟಿದ ಕಡೆ ಜನ ನಡೆದೇ ದಾಟ್ತಾರೆ. ಆದ್ರೆ ಮೇಲಿನ ಕೆಆರ್‌ಎಸ್, ಕಬಿನಿಯಿಂದ ಬಿಟ್ಟ ನೀರು ಬರೋದು ಇದೇ ದಾರೀಲಿ. ಇಲ್ಲಿ ಮಳೆ ಇಲ್ಲ, ಬಿಸಿಲಿದೆ ಅಂತ ಹೊಳೆ ನಿನ್ನೆ ಇದ್ದಂಗೇ ಇರುತ್ತೆ ಅನ್ನೋಕಾಗಲ್ಲ. ಬಂಡೆಗಳ ಮಧ್ಯೆ ಮಡುಗಳಿವೆ. ಮೊಣಕಾಲುದ್ದ ನೀರಿನಿಂದ ಒಂದು ಹೆಜ್ಜೆ ಆಚೆ ಆಳೆತ್ತರ ಇರಬಹುದು. ಮೊಸಳೆಯೂ ಇದೆ. ಹಗ್ಗ ಇಲ್ಲದ ಕಡೆ, ಮುಂದಿನವರು ಹೋದರು ಅಂತ ಇಳಿಯಬೇಡಿ.

ನೀರು ಜಾಸ್ತಿ ಇದ್ದಾಗ ತೆಪ್ಪವೇ ಗತಿ. ಹಿಂದೆ ಬಿದಿರಿನ ಬುಟ್ಟಿಗೆ ಚರ್ಮ ಹೊದಿಸುತ್ತಿದ್ದರು, ಆಮೇಲೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂತು, ಈಗ ಫೈಬರಿನವೂ ಇವೆ. ತಳ ಚಪ್ಪಟೆ ಇರೋದರಿಂದ ಕಡಿಮೆ ನೀರಲ್ಲೂ ಕಲ್ಲಿನ ಮೇಲೆ ಜಾರಿಕೊಂಡು ಹೋಗುತ್ತೆ. ಅಂಬಿಗ ನೇರ ಆಚೆ ದಡಕ್ಕೆ ಹುಟ್ಟು ಹಾಕಲ್ಲ. ಸೆಳೆತಕ್ಕೆ ತೆಪ್ಪ ಕೆಳಕ್ಕೆ ಸರಿಯುತ್ತೆ ಅಂತ ಲೆಕ್ಕ ಹಾಕಿ ಸ್ವಲ್ಪ ಮೇಲಿನಿಂದ ಬಿಡ್ತಾನೆ. ತೆಪ್ಪ ಗಿರ್ರನೆ ತಿರುಗಿದರೆ ಗಾಬರಿ ಬೇಡ, ದುಂಡಗಿರೋ ದೋಣಿ ತಿರುಗೋದು ಸಹಜ. ಮಗುಚೋದು ತಿರುಗೋದರಿಂದಲ್ಲ, ಭಾರ ಒಂದೇ ಕಡೆ ಬಿದ್ದಾಗ. ತಳದಲ್ಲೇ ಸುತ್ತ ಸಮನಾಗಿ ಕೂರಬೇಕು, ಚೀಲ ಮಧ್ಯೆ ಇಡಬೇಕು, ಸೆಲ್ಫಿಗೆ ಏಳಬಾರದು. 2020ರ ನವೆಂಬರ್‌ನಲ್ಲಿ ತಲಕಾಡಿನ ಹತ್ತಿರ ಇದೇ ಕಾವೇರಿಯಲ್ಲಿ, ಮದುವೆ ಮುಂಚಿನ ಫೋಟೋ ತೆಗೆಸುತ್ತಿದ್ದ ಜೋಡಿ ತೆಪ್ಪ ಮಗುಚಿ ತೀರಿಕೊಂಡಿತು. ಅಂಬಿಗ ಇನ್ನು ಸಾಕು ಅಂದ್ರೆ ಸಾಕು. ಅಣ್ಣ, ಇನ್ನೊಬ್ರು ಅಷ್ಟೇ ಅಂತ ಒತ್ತಾಯ ಮಾಡೋರೇ ಎಲ್ಲರನ್ನೂ ಅಪಾಯಕ್ಕೆ ತಳ್ಳೋರು. ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ಈಜು ಬರುತ್ತೆ ಅನ್ನೋರೂ ಹಾಕಬೇಕು: ಉಟ್ಟ ಪಂಚೆ, ಹೆಗಲಿನ ಚೀಲ, ದಿನವಿಡೀ ನಡೆದು ಸೋತ ಕಾಲು, ಇಷ್ಟರ ಜತೆ ಈಜೋದು ಕೆರೆಯಲ್ಲಿ ಈಜಿದಂಗಲ್ಲ.

ಬೆಳಕಿದ್ದಾಗಲೇ ದಾಟಿ. ಆಚೆ ಕಡೆ ಕಾವೇರಿ ವನ್ಯಜೀವಿ ಧಾಮ, ಸಂಜೆ ಆನೆಗಳು ನೀರಿಗೆ ಇಳಿಯುತ್ತವೆ. ಹೊತ್ತು ಮುಳುಗಿದ್ರೆ ಈಚೆ ದಡದಲ್ಲೇ ಉಳಿದು ಬೆಳಗ್ಗೆ ಹೋಗೋದು ವಾಸಿ. ಕಾಡು ದಾರಿ ತೆರೆದಿದೆಯಾ, ಎಷ್ಟು ಹೊತ್ತಿನ ತನಕ ಬಿಡ್ತಾರೆ ಅನ್ನೋದನ್ನು ಆಯಾ ವರ್ಷ ಅರಣ್ಯ ಇಲಾಖೆಯವರ ಹತ್ತಿರ ಕೇಳಿಕೊಂಡೇ ಹೊರಡಿ.

ಅಂಗಡಿಯವರಿಗೂ ಒಂದು ಮಾತು. ಪಾದಯಾತ್ರಿಗಳು ಹೊಳೆ ಹತ್ತಿರ ಕೇಳೋದು ಟಾರ್ಚ್ ಸೆಲ್, ಗ್ಲೂಕೋಸ್, ನೋವಿನ ಮುಲಾಮು, ಮೊಬೈಲ್ ನೆನೆಯದಂಗೆ ಜಿಪ್ ಕವರ್, ಹಿಮ್ಮಡಿಗೆ ಪಟ್ಟಿ ಇರೋ ಚಪ್ಪಲಿ. ಹವಾಯಿ ಚಪ್ಪಲಿ ನೀರಲ್ಲಿ ಕಿತ್ತುಕೊಂಡು ಹೋಗುತ್ತೆ, ಪಾಚಿ ಬಂಡೆ ಮೇಲೆ ಬರಿಗಾಲು ಜಾರುತ್ತೆ. ಪ್ರಸಾದ ಹಂಚೋರು ಪ್ಲಾಸ್ಟಿಕ್ ತಟ್ಟೆ ಬಿಟ್ಟು ಮುತ್ತುಗದ ಎಲೆ ಕೊಟ್ಟರೆ ಕಾಡಿಗೂ ಒಳ್ಳೇದು.

ಯಾರಾದ್ರೂ ನೀರಿಗೆ ಬಿದ್ದರೆ ಹಿಂದೆ ಹಾರಬೇಡಿ. ಹಗ್ಗ, ಪಂಚೆ, ಉದ್ದನೆ ಕೋಲು ಎಸೆಯಿರಿ, ಅಂಬಿಗರನ್ನು ಕೂಗಿ, 112ಕ್ಕೆ ಫೋನ್ ಮಾಡಿ. ಹೊಳೆ ಇಳಿಜಾರಿನಲ್ಲಿ ಎಲ್ಲ ಕಡೆ ನೆಟ್‌ವರ್ಕ್ ಸಿಗಲ್ಲ, ಒಬ್ಬರು ರಸ್ತೆ ಕಡೆ ಓಡಲಿ.