ಬೋಸರ ಕೊಳವೆಯಿಂದ ಕ್ಲೈಸ್ಟ್ರಾನ್ ಬೆಂಚಿನವರೆಗೆ

ಜಗದೀಶ ಚಂದ್ರ ಬೋಸ್ ಎಂದರೆ ಸಸ್ಯಗಳಿಗೂ ಜೀವವಿದೆ ಎಂದು ತೋರಿಸಿದವರು. ಇತ್ತೀಚೆಗೆ, ರೇಡಿಯೊ ಸಂಪರ್ಕಕ್ಕೆ ಹೆಸರಾದ ಮಾರ್ಕೋನಿಯಿಂದ ವಂಚನೆಗೊಳಗಾದವರು ಎಂಬ ಮಾತೂ ಸೇರಿದೆ. ಮೈಕ್ರೋವೇವ್ ಕ್ಷೇತ್ರದಲ್ಲೇ ತಲೆ ನರೆತ ನನಗೆ ಎರಡನೆಯ ಮಾತು ಹೆಚ್ಚು ನೋವು ಕೊಡುತ್ತದೆ. ಸಂದೇಶ ಕಳಿಸುವ ಪೈಪೋಟಿಗೆ ಅವರು ಇಳಿದವರೇ ಅಲ್ಲ. ವಿದ್ಯುತ್ಕಾಂತೀಯ ಅಲೆ ಬೆಳಕಿನಂತೆಯೇ ನಡೆದುಕೊಳ್ಳುತ್ತದೆಯೇ ಎಂದು ಅಳೆದು ನೋಡಲು ಹೊರಟವರು.

ಮ್ಯಾಕ್ಸ್‌ವೆಲ್ 1865ರಲ್ಲಿ ಸಮೀಕರಣಗಳಲ್ಲಿ ಕಂಡ ಅಲೆಯನ್ನು ಹರ್ಟ್ಸ್ 1880ರ ದಶಕದ ಕೊನೆಗೆ ಪ್ರಯೋಗದಲ್ಲಿ ಹಿಡಿದರು. ಅಲೆ ಉದ್ದವಾದ್ದರಿಂದ ಕನ್ನಡಿ, ಪ್ರಿಸಂಗಳೂ ಆಳೆತ್ತರದವು. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬೋಸರು ಅಲೆಯುದ್ದವನ್ನು 5ರಿಂದ 25 ಮಿಲಿಮೀಟರಿಗೆ ಇಳಿಸಿದರು. 1897ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ತೋರಿಸಿದ ಉಪಕರಣ ಒಂದು ಮೇಜಿನ ಮೇಲೆ ಕೂರುವಂಥದ್ದು. ಅಲೆ ಹೊರಡಲು ಟೊಳ್ಳು ಲೋಹದ ಕೊಳವೆ, ಹಿಡಿಯಲು ಆಲಿಕೆಯಾಕಾರದ ಹಾರ್ನ್. ರೈಲ್ವೆ ವೇಳಾಪಟ್ಟಿಯ ಹಾಳೆಗಳ ನಡುವೆ ತವರದ ತಗಡು ಸೇರಿಸಿದರೆ ಅದೇ ಅಲೆಯ ಕಂಪನವನ್ನು ಒಂದೇ ತಲಕ್ಕೆ ಸೀಮಿತಗೊಳಿಸುವ ಧ್ರುವೀಕಾರಕ! ಸೆಣಬಿನ ಎಳೆಗಳನ್ನು ಬಲಕ್ಕೆ ಹೊಸೆದು ಅಲೆಯ ದಾರಿಗಿಟ್ಟರೆ ಧ್ರುವೀಕರಣದ ತಲ ಒಂದು ಕಡೆ ತಿರುಗಿತು, ಎಡಕ್ಕೆ ಹೊಸೆದರೆ ಇನ್ನೊಂದು ಕಡೆ. ಸಕ್ಕರೆಯ ದ್ರಾವಣ ಬೆಳಕಿಗೆ ಮಾಡುವ ಕೆಲಸ ಇದೇ. ಬೋಸರ ಪ್ರಯೋಗಗಳಲ್ಲಿ ಇದಕ್ಕಿಂತ ಚೆಲುವಾದದ್ದಿಲ್ಲ. ಅಲೆಯನ್ನು ಪತ್ತೆಹಚ್ಚಲು ಅವರು ರೂಪಿಸಿದ ಗೆಲೀನಾ ಹರಳಿನ ಶೋಧಕಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು.

ಅಷ್ಟರಲ್ಲಿ ಅವರು ಸಸ್ಯಗಳತ್ತ ಹೊರಳಿದ್ದರು. ದೂರಸಂಪರ್ಕಕ್ಕೆ ಉದ್ದ ಅಲೆಗಳೇ ಬೇಕಾದವು. ಹೀಗೆ ಮರೆಯಾದ ಟೊಳ್ಳು ಕೊಳವೆ 1930ರ ದಶಕದಲ್ಲಿ ಅಮೆರಿಕದಲ್ಲಿ ಮರುಹುಟ್ಟು ಪಡೆಯಿತು, ಯುದ್ಧಕಾಲದ ರೇಡಾರ್ ಅದನ್ನು ಬೆಳೆಸಿತು.

ಬೆಂಗಳೂರಿನಲ್ಲಿ ಈ ಕಿರು ಅಲೆಗಳ, ಎಂದರೆ ಮೈಕ್ರೋವೇವ್‌ಗಳ, ವಿದ್ಯೆ ಬೇರೂರಿದ ಕಥೆಯಲ್ಲಿ 1953 ದೊಡ್ಡ ವರ್ಷ. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದ್ದ ರಾಜೇಶ್ವರಿ ಚಟರ್ಜಿ ಮಿಶಿಗನ್‌ನಲ್ಲಿ ಪಿಎಚ್.ಡಿ. ಮುಗಿಸಿ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿದರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಂದಿಗೆ ಮೈಕ್ರೋವೇವ್ ಪ್ರಯೋಗಾಲಯ ಕಟ್ಟಿದರು. 1982ರಲ್ಲಿ ನಿವೃತ್ತರಾಗುವವರೆಗೂ ಅಲ್ಲಿ ಕಲಿಸಿದರು, ಆಂಟೆನಾಗಳ ಬಗ್ಗೆ ಪಠ್ಯ ಬರೆದರು. ನಮ್ಮ ಪೀಳಿಗೆಯ ಎಂಜಿನಿಯರುಗಳು ಮೈಕ್ರೋವೇವ್ ಹುಟ್ಟಿಸುವ ನಿರ್ವಾತ ನಳಿಕೆಯಾದ ಕ್ಲೈಸ್ಟ್ರಾನ್ ಇರುವ ಬೆಂಚಿನ ಮುಂದೆ ಪಳಗಿದವರು. ಫ್ಯಾನ್ ಹಾಕಿ ಕ್ಲೈಸ್ಟ್ರಾನನ್ನು ತಂಪಾಗಿಟ್ಟು, ಎಲೆಕ್ಟ್ರಾನುಗಳನ್ನು ಹಿಂದೂಡುವ ರಿಪೆಲರಿನ ವೋಲ್ಟೇಜ್ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದೆವು. ಮೀಟರಿನ ಮುಳ್ಳು ಏಳುತ್ತಿದ್ದಂತೆ ಉಸಿರು ಬಿಗಿಹಿಡಿಯುತ್ತಿದ್ದೆವು. ಸೀಳು ಬಿಟ್ಟ ಕೊಳವೆಯ ಉದ್ದಕ್ಕೂ ಪ್ರೋಬ್ ಸರಿಸಿದರೆ ಮುಳ್ಳು ಬೀಳುವ ಅಕ್ಕಪಕ್ಕದ ಎರಡು ಜಾಗಗಳ ಅಂತರವೇ ಕೊಳವೆಯೊಳಗಿನ ಅಲೆಯುದ್ದದ ಅರ್ಧ. ಬೆಂಚಿನ ತುದಿಯಲ್ಲಿದ್ದ ಹರಳಿನ ಡಿಟೆಕ್ಟರ್ ಬೋಸರ ಗೆಲೀನಾದ ವಂಶದ್ದೇ. ಕಂಪ್ಯೂಟರಿನ ಸಿಮ್ಯುಲೇಷನ್ ಈ ಕೈಬಳಕೆಯನ್ನು ಕಲಿಸಲಾರದು.

ಬೋಸರಿಗೆ ಮಾರ್ಕೋನಿ ಅಡ್ಡ ಬಂದಂತೆ ರಾಜೇಶ್ವರಿಯವರಿಗೆ ‘ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್’ ಎಂಬ ಬಿರುದು ಅಡ್ಡ ಬಂದಿದೆ. ನಾನು ಓದಿದ ಪರಿಚಯ ಲೇಖನಗಳೆಲ್ಲ ಅಲ್ಲಿಗೇ ನಿಲ್ಲುತ್ತವೆ. ಡೈಎಲೆಕ್ಟ್ರಿಕ್ ಆಂಟೆನಾಗಳ ಮೇಲೆ ಅವರದೊಂದು ಇಡೀ ಪುಸ್ತಕವಿದೆ. ವಿದ್ಯುತ್ ಹರಿಯದ ಸರಳೊಂದು ಅಲೆಯನ್ನು ತನ್ನ ಮೈಗುಂಟ ಸಾಗಿಸಿ ತುದಿಯಿಂದ ಹೇಗೆ ಹೊರಹಾಕುತ್ತದೆ ಎಂದು ತಿಳಿಸುವ ಕನ್ನಡ ಲೇಖನಕ್ಕಾಗಿ ನಾನಿನ್ನೂ ಕಾಯುತ್ತಿದ್ದೇನೆ.